ಲಿಯಾಖತ್ ಭಾಯ್ ಬಿಟ್ಟ ಕಳ್ಳ ಮೇಲ್

ಮೊದಲೇ ಹೇಳಿಬಿಡುತ್ತೇನೆ, ಆ ಮೇಲ್ ಬಂದಾಗ 'ಇಲ್ಲಿ ಒತ್ತಿ' ಎಂದಿದ್ದ ಕಡೆ ನಾನೂ ಒತ್ತಿದೆ. ಹನ್ನೆರಡು ವರ್ಷದಿಂದ ಸ್ಟೋರ್ಸ್ ನೋಡಿಕೊಳ್ಳುತ್ತಿರುವವನು ನಾನು. ಲಾರಿಯಿಂದ ಇಳಿಸಿದ ಚೀಲವನ್ನು ಕಾಲಲ್ಲಿ ಒಮ್ಮೆ ತಳ್ಳಿ ನೋಡಿ ತೂಕ ಹೇಳಬಲ್ಲೆ. ಈ ಗಂಗಾಧರನಿಗೆ ಟೋಪಿ ಹಾಕುವುದು ಕಷ್ಟ ಎಂದು ಮಾಲೂರಿನ ಲಾರಿ ಡ್ರೈವರುಗಳೇ ಒಪ್ಪಿಕೊಂಡಿದ್ದಾರೆ. ಆದರೂ ಒತ್ತಿದೆ. ತಪ್ಪು ನನ್ನದಲ್ಲ, ಲಿಯಾಖತ್ ಭಾಯ್‌ದು ಎಂದು ಮೂರು ವಾರ ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಆ ಮನುಷ್ಯನ ವಿಷಯ ಬರೆಯೋಣ ಎನ್ನಿಸಿದ್ದು ಅದಕ್ಕೇ.

ನಮ್ಮದು ವಾಹನಗಳ ವೈರುಗಳಿಗೆ ಪ್ಲಾಸ್ಟಿಕ್ ಬಿಡಿಭಾಗ ಮಾಡುವ ಕಾರ್ಖಾನೆ, ಮಾಲೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿದೆ. ಕೆಲಸ ಮಾಡುವವರಲ್ಲಿ ಮಾಲೂರಿನವರು ಅರ್ಧ. ಉಳಿದವರು ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಿಂದ ಕಂಪನಿಯ ಮೂರು ಬಸ್ಸುಗಳಲ್ಲಿ ಬರುತ್ತಾರೆ. ನಾನು ಶ್ರೀನಿವಾಸಪುರದ ಬಸ್ಸು, ಭಾಯ್ ಮುಳಬಾಗಿಲಿನ ಬಸ್ಸು.

ಲಿಯಾಖತ್ ಭಾಯ್‌ಗೆ ಐವತ್ತನಾಲ್ಕು ವರ್ಷ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೂದಲಿಗೆ ಗೋರಂಟಿ. ಕಂಪನಿ ಶುರುವಾದಾಗ ಅವರನ್ನು ಗೇಟಿನಲ್ಲಿ ಟಪಾಲು ತೆಗೆದುಕೊಳ್ಳುವ ಕೆಲಸಕ್ಕೆ ಹಾಕಿದ್ದರು. ಹೊರಗಿನಿಂದ ಬಂದ ಪ್ರತಿ ಲಕೋಟೆಯನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿ, ಬೆಳಕಿಗೆ ಹಿಡಿದು, ರಿಜಿಸ್ಟರಿನಲ್ಲಿ ಬರೆದ ಮೇಲೆಯೇ ಒಳಗೆ ಬಿಡುತ್ತಿದ್ದರಂತೆ. ಆಮೇಲೆ ಕಾಗದ ಕಡಿಮೆಯಾಗಿ ಇ-ಮೇಲ್ ಬಂತು. ನಮ್ಮ ಆಡಳಿತ ವಿಭಾಗದ ಮ್ಯಾನೇಜರ್ ರಾಮಚಂದ್ರಪ್ಪನವರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. "ಭಾಯ್, ಕಾಗದ ನೋಡೋರು ನೀವೇ ಅಲ್ವಾ, ಇದೂ ಕಾಗದಾನೇ, ನೀವೇ ನೋಡ್ಕೊಳ್ಳಿ," ಎಂದುಬಿಟ್ಟರು. ಭಾಯ್ ಬೇಸರ ಮಾಡಿಕೊಳ್ಳಲಿಲ್ಲ. ಕೋಲಾರದಲ್ಲಿ ಆರು ತಿಂಗಳು ಸಂಜೆ ಕ್ಲಾಸಿಗೆ ಹೋಗಿ, ಮಕ್ಕಳ ವಯಸ್ಸಿನವರ ಪಕ್ಕದಲ್ಲಿ ಕುಳಿತು ಕಂಪ್ಯೂಟರು ಕಲಿತು ಬಂದರು. ಅವತ್ತಿನಿಂದ ಕಂಪನಿಯ ಮೇಲ್ ಫಿಲ್ಟರ್ ಅವರ ಕೈಯಲ್ಲಿದೆ.

ಫಿಲ್ಟರ್ ಎಂದರೆ ಏನೆಂದು ನಮಗೂ ಅವರೇ ತಿಳಿಸಿದ್ದು. ಹೊರಗಿನಿಂದ ಬರುವ ಮೇಲ್‌ಗಳಲ್ಲಿ ಲಾಟರಿ ಬಂದಿದೆ ಎನ್ನುವವು, ಬ್ಯಾಂಕಿನವರ ವೇಷ ಹಾಕಿಕೊಂಡು ಪಾಸ್‌ವರ್ಡ್ ಕೇಳುವವು, ಇಂಥವನ್ನೆಲ್ಲ ಅದು ತಡೆದು ಪಕ್ಕಕ್ಕೆ ಹಾಕುತ್ತದೆ. ಹಾಗೆ ತಡೆದದ್ದರಲ್ಲಿ ಯಾವುದಾದರೂ ನಿಜವಾದದ್ದು ಸಿಕ್ಕಿಕೊಂಡಿದೆಯೇ ಎಂದು ಭಾಯ್ ದಿನಾ ಬೆಳಗ್ಗೆ ಟೀ ಕುಡಿಯುತ್ತ ಒಂದೊಂದಾಗಿ ನೋಡಿ, ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನು ಅಳಿಸುತ್ತಾರೆ. ಒಂಬತ್ತು ವರ್ಷದಲ್ಲಿ ಒಂದೇ ಒಂದು ಕಳ್ಳ ಮೇಲ್ ಕೂಡ ಅವರನ್ನು ದಾಟಿ ಒಳಗೆ ಬಂದಿರಲಿಲ್ಲ. ಇದು ನಾನು ಕಂಡದ್ದು, ಹೊಗಳಿಕೆಯಲ್ಲ.

ಇದರಿಂದ ಆದದ್ದೇನೆಂದರೆ, ನಮ್ಮ ಕಂಪನಿಯಲ್ಲಿ ಮೇಲ್ ಓದುವ ಅಭ್ಯಾಸವೇ ಹೋಯಿತು. ಮೇಲ್ ಬಂತೇ, ತೆರೆಯುವುದು, ಇಲ್ಲಿ ಒತ್ತಿ ಎಂದು ಬರೆದ ಕಡೆ ಒತ್ತುವುದು. ತೀರ ಅನುಮಾನ ಬಂದರೆ 214ಕ್ಕೆ ಫೋನ್ ಮಾಡುವುದು. ಅದು ಭಾಯ್ ಮೇಜಿನ ನಂಬರು.

"ಭಾಯ್, ಒಂದು ಮೇಲ್ ಬಂದಿದೆ. ಸರಿ ಇದ್ಯಾ?"

"ನಿನ್ ಹತ್ರ ಬಂದಿದೆ ಅಂದ್ರೆ ನಾನು ಬಿಟ್ಟಿದ್ದೀನಿ ಅಂತ. ನಾನು ಬಿಟ್ಟಿದ್ದೀನಿ ಅಂದ್ರೆ ಸರಿ ಇದೆ ಅಂತ. ಒತ್ಕೋ ಹೋಗು."

ದಿನಕ್ಕೆ ಇಪ್ಪತ್ತು ಮೂವತ್ತು ಸಲ ಈ ಮಾತು ಹೇಳಿದರೂ ಅವರಿಗೆ ಸಾಕು ಎನ್ನಿಸುತ್ತಿರಲಿಲ್ಲ. ಹೆಂಡತಿ ಅಸ್ಗರಿಯವರು ಒಮ್ಮೆ ಈದ್ ದಿನ ನಮಗೆ ಶೀರ್ ಖುರ್ಮಾ ಬಡಿಸುತ್ತ, "ಮನೇಲಿ ಇವರನ್ನ ಒಂದು ಮಾತು ಕೇಳೋರಿಲ್ಲ, ಆಫೀಸಲ್ಲಿ ಇವರನ್ನ ಕೇಳ್ದೆ ಒಂದು ಕಡ್ಡಿ ಅಲ್ಲಾಡಲ್ಲ ಅಂತೆ," ಎಂದು ಛೇಡಿಸಿದ್ದರು. ಭಾಯ್ ಗಡ್ಡ ಸವರಿಕೊಂಡು ನಕ್ಕಿದ್ದರು. ಎಲ್ಲರೂ ತನ್ನ ಮಾತು ನಂಬುತ್ತಾರೆ ಎಂಬುದೇ ಅವರ ಆಸ್ತಿ. ಬೇರೆ ಪ್ರಮೋಷನ್ನು ಅವರು ಕೇಳಿದವರಲ್ಲ, ಕಂಪನಿಯೂ ಕೊಟ್ಟಿದ್ದಲ್ಲ.

ಹೀಗಿರುವಾಗ ಕಳೆದ ನವೆಂಬರಿನಲ್ಲಿ ನಮ್ಮ ಮಾಲು ಕೊಳ್ಳುವ ವಿದೇಶದ ಕಂಪನಿಯೊಂದು ಹೊಸ ತಕರಾರು ತೆಗೆಯಿತು. ನಿಮ್ಮ ನೌಕರರು ಕಳ್ಳ ಮೇಲ್ ಕಂಡರೆ ಗುರುತಿಸುತ್ತಾರೋ ಇಲ್ಲವೋ ಪರೀಕ್ಷೆ ಮಾಡಿ ತೋರಿಸಿ ಎಂದಿತು. ಅದಕ್ಕಾಗಿ ಬೆಂಗಳೂರಿನ ಒಂದು ಸಂಸ್ಥೆಯಿಂದ ಶಿವಾನಿ ಎಂಬ ಹುಡುಗಿ ಬಂದಳು. ಸುಳ್ಳು ಸುಳ್ಳೇ ಕಳ್ಳ ಮೇಲ್ ತಯಾರಿಸಿ ಜನರಿಗೆ ಕಳಿಸಿ, ಯಾರು ಯಾರು ಒತ್ತುತ್ತಾರೆ ಎಂದು ಎಣಿಸುವುದು ಅವಳ ಉದ್ಯೋಗ. ರಾಮಚಂದ್ರಪ್ಪನವರ ಕೋಣೆಯಲ್ಲಿ ಅವತ್ತು ನಡೆದ ಮಾತುಕತೆಯನ್ನು ಭಾಯ್ ಆಮೇಲೆ ನನಗೆ ಅಕ್ಷರ ಬಿಡದೆ ಹೇಳಿದ್ದಾರೆ.

"ಸರ್, ನಮ್ಮ ಮೇಲ್‌ಗಳನ್ನ ನಿಮ್ಮ ಫಿಲ್ಟರ್ ತಡೀತಾ ಇದೆ," ಎಂದಳಂತೆ ಶಿವಾನಿ.

"ತಡೀಲೇಬೇಕಲ್ಲಮ್ಮ. ಪಾಸಾಯ್ತಲ್ಲ ಪರೀಕ್ಷೆ," ಎಂದರು ಭಾಯ್.

"ಪರೀಕ್ಷೆ ಫಿಲ್ಟರ್‌ಗಲ್ಲ ಸರ್, ಜನಕ್ಕೆ. ನಾಳೆ ಯಾವುದಾದ್ರೂ ನಿಜವಾದದ್ದು ನಿಮ್ಮನ್ನ ದಾಟಿ ಒಳಗೆ ಬಂದ್ರೆ ಅವರು ಏನ್ಮಾಡ್ತಾರೆ ಅಂತ ನೋಡ್ಬೇಕು. ಅದಕ್ಕೆ ನಮ್ಮ ಮೇಲ್‌ಗಳನ್ನ ಮಾತ್ರ ನೀವು ಬಿಡಬೇಕು."

"ನನ್ನ ದಾಟಿ ಬರಲ್ಲ."

"ಬಂದ್ರೆ ಅಂತ ಸರ್."

"ಬರಲ್ಲಮ್ಮ."

ರಾಮಚಂದ್ರಪ್ಪನವರು ನಡುವೆ ಬಾಯಿ ಹಾಕಿದರು. "ಭಾಯ್, ಅದು ಕಳ್ಳ ಮೇಲ್ ಅಲ್ಲ. ಕಳ್ಳ ಮೇಲ್ ಥರ ಇರುತ್ತೆ ಅಷ್ಟೇ."

"ಕಳ್ಳನ ಥರ ಇರೋನ್ನ ಒಳಗೆ ಬಿಡಿ ಅಂತ ಗೇಟಲ್ಲಿ ಹೇಳಿದ್ರೆ ವಾಚ್‌ಮನ್ ಕೇಳ್ತಾನಾ ಸಾರ್? ಮುಂದೆ ಅವನ ಮಾತು ಯಾರು ನಂಬ್ತಾರೆ?"

ನಾಲ್ಕು ದಿನ ಇದೇ ನಡೆಯಿತು. ಕೊನೆಗೆ ಭಾಯ್, ಬರವಣಿಗೆಯಲ್ಲಿ ಆರ್ಡರ್ ಕೊಡಿ ಎಂದರು. ರಾಮಚಂದ್ರಪ್ಪನವರು ಕೊಟ್ಟರು. ಸೀಲು ಇಲ್ಲ ಎಂದು ಭಾಯ್ ವಾಪಸ್ಸು ಕಳಿಸಿದರು. ಸೀಲು ಬಿತ್ತು. ಭಾಯ್ ಅದನ್ನು ತಮ್ಮ ಹಳೆಯ ಟಪಾಲು ರಿಜಿಸ್ಟರಿನಲ್ಲಿ ಬರೆದುಕೊಂಡು, ಉಸಿರು ಬಿಟ್ಟು, ಫಿಲ್ಟರು ತಡೆಯಬಾರದವರ ಪಟ್ಟಿಗೆ ಶಿವಾನಿ ಕೊಟ್ಟ ವಿಳಾಸ ಸೇರಿಸಿದರು. ಈ ವಿಷಯ ಹೊರಗೆ ಯಾರಿಗೂ ಬಾಯಿ ಬಿಡುವ ಹಾಗಿಲ್ಲ ಎಂದು ರಾಮಚಂದ್ರಪ್ಪನವರು ಭಾಯ್ ಕೈಲಿ ಸಹಿ ಬೇರೆ ಹಾಕಿಸಿಕೊಂಡರು.

ಆ ನಾಲ್ಕು ದಿನಗಳಲ್ಲಿ ಜಗಳದ ಜೊತೆಗೆ ಟೀಯೂ ನಡೆದಿತ್ತು. ಒಂದು ಮಧ್ಯಾಹ್ನ ಶಿವಾನಿ ಸುಮ್ಮನೆ ಮಾತಿಗೆ ಎಂಬಂತೆ ಕೇಳಿದಳಂತೆ.

"ಸರ್, ಇಲ್ಲಿ ಜನಕ್ಕೆ ಯಾವ ವಿಷಯ ಅಂದ್ರೆ ತುಂಬಾ ತಲೆಬಿಸಿ?"

ಭಾಯ್ ಮಾತುಗಾರ. ಕೇಳುವವರು ಸಿಕ್ಕರೆ ಅವರಿಗೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ. "ಬಸ್ ಸ್ಟಾಪು ಕಣಮ್ಮ. ಸಂಬಳ ಒಂದಿನ ತಡವಾದ್ರೆ ತಡ್ಕೋತಾರೆ. ಸ್ಟಾಪು ನೂರು ಅಡಿ ಆಚೆಗೆ ಹೋದ್ರೆ ಕೊಲೆ ಆಗುತ್ತೆ. ಕೋಲಾರದಲ್ಲಿ ಸ್ಟಾಪು ಡೂಂ ಲೈಟ್ ಸರ್ಕಲ್ಲಲ್ಲೋ ಕ್ಲಾಕ್ ಟವರಲ್ಲೋ ಅಂತ ಒಂದು ವರ್ಷ ಜಗಳ ಆಗಿದೆ," ಎಂದು ಶುರುಮಾಡಿ ಮೂರೂ ಬಸ್ಸಿನ ಪುರಾಣ ಹೇಳಿದರು. ಅವಳು ಪುಸ್ತಕ ತೆಗೆದು ಬರೆದುಕೊಂಡಳು. ತಮ್ಮ ಮಾತನ್ನು ಬರೆದುಕೊಳ್ಳುತ್ತಾಳಲ್ಲ ಎಂದು ಭಾಯ್‌ಗೆ ಬಹಳ ಸಂತೋಷವಾಯಿತಂತೆ.

ಮೊದಲ ಸಲದ ಪರೀಕ್ಷೆ ಕೆಟ್ಟುಹೋಯಿತು. ಶಿವಾನಿ ಮೇಲ್ ಕಳಿಸಿದ ನಲವತ್ತು ಸೆಕೆಂಡಿನಲ್ಲಿ ನೂರ ನಲವತ್ತಮೂರು ಜನರಲ್ಲಿ ನೂರ ನಲವತ್ತಮೂರು ಜನವೂ ಒತ್ತಿದ್ದಾರೆ ಎಂದು ಅವಳ ಲೆಕ್ಕ ತೋರಿಸಿತು. ರಾಮಚಂದ್ರಪ್ಪನವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಭಾಯ್ ಮಾತ್ರ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ನಿಧಾನವಾಗಿ ಓದಿದರು. ಹೋದ ದೀಪಾವಳಿಗೇ ನಿವೃತ್ತರಾಗಿ ಮಗಳ ಮನೆಯಲ್ಲಿದ್ದ ರಾಮಲಕ್ಷ್ಮಮ್ಮನವರು ಒತ್ತಿದ್ದರು. ಕಾನ್ಫರೆನ್ಸ್ ಹಾಲ್ ಒತ್ತಿತ್ತು. ಹೌದು, ಹಾಲ್ ಬುಕ್ ಮಾಡಲು ಅದಕ್ಕೂ ಒಂದು ಮೇಲ್ ವಿಳಾಸವಿದೆ.

"ಕಾನ್ಫರೆನ್ಸ್ ಹಾಲ್‌ಗೆ ಬೆರಳಿಲ್ಲಮ್ಮ," ಎಂದರು ಭಾಯ್.

ವಿಷಯ ಇಷ್ಟೇ. ಭಾಯ್ ಫಿಲ್ಟರ್ ಒಳಗೆ ಇನ್ನೊಂದು ಕಾವಲಿತ್ತು. ಬಂದ ಮೇಲ್‌ನಲ್ಲಿ ಒತ್ತುವ ಜಾಗವಿದ್ದರೆ ಅದನ್ನು ತಾನೇ ಮೊದಲು ಒತ್ತಿ ನೋಡಿ, ಅಪಾಯವಿದ್ದರೆ ಮೇಲ್ ಅನ್ನು ಅಲ್ಲೇ ಹಿಡಿದಿಡುತ್ತಿತ್ತು. ಹಾಗಾಗಿ ಒಬ್ಬ ಮನುಷ್ಯನ ಕಣ್ಣಿಗೂ ಬೀಳದೆ ಎಲ್ಲರ ಹೆಸರಿನಲ್ಲಿಯೂ ಒತ್ತಿದ ಲೆಕ್ಕ ಬಂದಿತ್ತು. ಆ ಕಾವಲನ್ನೂ ನಮ್ಮ ಮೇಲ್‌ಗಳಿಗೆ ಮಾತ್ರ ಸುಮ್ಮನಿರಲು ಹೇಳಿ ಸರ್ ಎಂದಳು ಶಿವಾನಿ. ಭಾಯ್ ಅದಕ್ಕೂ ಬರವಣಿಗೆಯಲ್ಲಿ ಆರ್ಡರ್ ಕೇಳಿದರು, ಸೀಲಿನ ಸಮೇತ.

ಡಿಸೆಂಬರ್ ಕೊನೆಯ ಒಂದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಮೇಲ್ ಬಂತು. ಸಾರಿಗೆ ವಿಭಾಗದ ಹೆಸರಿನಲ್ಲಿತ್ತು. 'ಸೋಮವಾರದಿಂದ ನಿಮ್ಮ ಬಸ್ ಸ್ಟಾಪ್ ಬದಲಾಗಿರುತ್ತದೆ. ಹೊಸ ಸ್ಟಾಪ್ ನೋಡಲು ಇಲ್ಲಿ ಒತ್ತಿ ನಿಮ್ಮ ಪಾಸ್‌ವರ್ಡ್ ಹಾಕಿ. ಸಂಜೆ ಐದರೊಳಗೆ ಆಕ್ಷೇಪಣೆ ಸಲ್ಲಿಸದವರು ಒಪ್ಪಿದ್ದಾರೆಂದು ತಿಳಿಯಲಾಗುವುದು.'

ಆ ಕೊನೆಯ ಸಾಲಿಗೆ ನಾನು ಶಿವಾನಿಯ ಕಾಲಿಗೆ ಬೀಳುತ್ತೇನೆ. ಶ್ರೀನಿವಾಸಪುರದಲ್ಲಿ ನನ್ನ ಸ್ಟಾಪು ನಮ್ಮ ಮನೆಯ ಬೀದಿಯ ತುದಿಗೆ ಬರಲು ನಾನು ಎರಡು ವರ್ಷ ಹೋರಾಡಿದ್ದೇನೆ, ಇಬ್ಬರು ಗೆಳೆಯರನ್ನು ಕಳೆದುಕೊಂಡಿದ್ದೇನೆ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ರೂಢಿ ಬಿಡಲಿಲ್ಲ, 214ಕ್ಕೆ ಫೋನ್ ಮಾಡಿದೆ.

"ಭಾಯ್, ಬಸ್ ಸ್ಟಾಪ್ ಮೇಲ್ ಬಂದಿದೆಯಲ್ಲ, ಅದು ಸರಿ ಇದ್ಯಾ?"

ಆ ಕಡೆ ಭಾಯ್ ಕೆಮ್ಮಿದರು. "ನೀನೇ ಓದಿ ನೋಡಪ್ಪ."

"ಏನು?"

"ಓದಿ ನೋಡು ಅಂದೆ. ನಿಂಗೇನನ್ಸುತ್ತೆ?"

"ಓದೋ ಹಾಗಿದ್ರೆ ನಿಮ್ಗ್ಯಾಕೆ ಫೋನ್ ಮಾಡ್ತಿದ್ದೆ ಭಾಯ್? ಸರಿ ಇದ್ಯೋ ಇಲ್ವೋ ಹೇಳಿ."

"ಸ್ವಲ್ಪ ನಿಧಾನಕ್ಕೆ ಓದು ಗಂಗಾಧರ್. ಯಾರು ಕಳ್ಸಿದ್ದು, ಯಾಕೆ ಕಳ್ಸಿದ್ದು..." ಅವರ ದನಿ ಅಳುವವರ ಹಾಗಿತ್ತು. ಅದು ಯಾಕೆಂದು ನನಗೆ ತಿಳಿಯಲಿಲ್ಲ. ಭಾಯ್‌ಗೆ ಇವತ್ತು ಹೊಟ್ಟೆ ಸರಿಯಿಲ್ಲ, ಬೇಡ ಅನ್ನಲಿಲ್ಲ ಅಂದ ಮೇಲೆ ಸರಿಯಾಗಿಯೇ ಇರುತ್ತದೆ ಎಂದುಕೊಂಡು ಒತ್ತಿದೆ. ಸಿಟ್ಟಿನಲ್ಲಿ ಪಾಸ್‌ವರ್ಡನ್ನು ಕೀಬೋರ್ಡು ಅಲುಗಾಡುವ ಹಾಗೆ ಹೊಡೆದೆ. ಪರದೆಯ ಮೇಲೆ ಗಾಳಕ್ಕೆ ಸಿಕ್ಕ ಒಂದು ಮೀನಿನ ಚಿತ್ರ ಬಂತು. ಇದು ಪರೀಕ್ಷೆ, ನಿಜವಾದದ್ದಾಗಿದ್ದರೆ ನಿಮ್ಮ ಪಾಸ್‌ವರ್ಡ್ ಈಗ ಕಳ್ಳರ ಕೈಯಲ್ಲಿರುತ್ತಿತ್ತು ಎಂದು ಕೆಳಗೆ ಬರೆದಿತ್ತು. ಆ ಮೀನು ನನ್ನನ್ನೇ ನೋಡುತ್ತಿತ್ತು.

ಅವತ್ತು ಭಾಯ್‌ಗೆ ಎಪ್ಪತ್ತು ಫೋನ್ ಬಂದವಂತೆ. ಎಲ್ಲರಿಗೂ ಒಂದೇ ಮಾತು, ಓದಿ ನೋಡಿ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳುವ ಹಾಗಿಲ್ಲ. ರಜೆ ಹಾಕಿ ಮನೆಯಲ್ಲಿರಬಹುದಿತ್ತು, ಹಾಗೆ ಮಾಡಿದರೆ ಓಡಿಹೋದ ಹಾಗಾಗುತ್ತದೆ ಎಂದು ಬಂದು ಕುಳಿತಿದ್ದರು. ಎಪ್ಪತ್ತು ಜನರಲ್ಲಿ ಅವರ ಮಾತು ಕೇಳಿ ನಿಜವಾಗಿ ಓದಿದವಳು ಒಬ್ಬಳೇ, ಡಿಸ್ಪ್ಯಾಚಿನಲ್ಲಿ ಕಂಪ್ಯೂಟರಿಗೆ ಎಂಟ್ರಿ ಹಾಕುವ ತಾಯಲೂರಿನ ಬೈರಮ್ಮ. ಸೇರಿ ಎರಡು ವರ್ಷವೂ ಆಗಿರಲಿಲ್ಲ. ಅವಳು ಫೋನು ಹಿಡಿದುಕೊಂಡೇ ಪಾಠ ಒಪ್ಪಿಸುವಂತೆ ಪೂರ್ತಿ ಮೇಲ್ ಗಟ್ಟಿಯಾಗಿ ಓದಿದಳು.

"ಅಣ್ಣಾ, ಸ್ಟಾಪು ಬದಲಾದ್ರೆ ನಮ್ ಬಸ್ಸಿನ ಭೀಮರಾಜಣ್ಣ ಬೆಳಿಗ್ಗೇನೇ ಎಲ್ರಿಗೂ ಬೈಬೇಕಿತ್ತಲ್ವಾ? ಇವತ್ತು ಏನೂ ಬೈದೇ ಇಲ್ಲ."

"ಹಾಗಾದ್ರೆ?"

"ತಾಳಿ, ಅವರನ್ನೇ ಕೇಳ್ಕೊಂಡು ಬರ್ತೀನಿ."

ಬಸ್ಸಿನ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ ಡ್ರೈವರ್ ಭೀಮರಾಜ ತಲೆ ಹೊರಗೆ ಹಾಕಿದ. ಅವನಿಗೆ ಕೋಪ ಬಂದರೆ ಕನ್ನಡ ಹಿಂದೆ ಸರಿದು ತೆಲುಗು ಮುಂದೆ ಬರುತ್ತದೆ. "ಎವರಮ್ಮಾ ಚೆಪ್ಪಿಂದಿ? ಸ್ಟಾಪು ಮಾರ್ಚೇದಿ ನೇನು ಕದಾ!" ಎಂದು ಗುಡುಗಿದ. ಸ್ಟಾಪು ಬದಲಾಯಿಸುವ ಅಧಿಕಾರ ಈ ಭೂಮಿಯ ಮೇಲೆ ತನಗೊಬ್ಬನಿಗೇ ಇರುವುದು ಎಂಬುದು ಅವನ ನಂಬಿಕೆ, ಅದು ನಿಜವೂ ಹೌದು. ಬೈರಮ್ಮ ವಾಪಸ್ಸು ಬಂದು, ಇದು ಕಳ್ಳ ಮೇಲ್ ಎಂದು ದೂರು ಬರೆದು ಭಾಯ್‌ಗೇ ಕಳಿಸಿದಳು. ಅದನ್ನು ಓದಿ ಭಾಯ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರಂತೆ.

ಸಂಜೆ ಲೆಕ್ಕ ಬಂತು. ನೂರ ಒಂಬತ್ತು ಜನ ಒತ್ತಿದ್ದರು. ಅದರಲ್ಲಿ ರಾಮಚಂದ್ರಪ್ಪನವರೂ ಇದ್ದರು. ಪರೀಕ್ಷೆ ಇದೆಯೆಂದು ಗೊತ್ತಿದ್ದ ಇಬ್ಬರೇ ಇಬ್ಬರಲ್ಲಿ ಅವರೊಬ್ಬರು, ದಿನಾ ತಮ್ಮ ಕಾರಿನಲ್ಲೇ ಬರುವವರು. "ಎಲ್ರೂ ಬಂದು ಬಾಗಿಲಲ್ಲಿ ಕೂಗಾಡ್ತಿದ್ರು, ಸ್ಟಾಪ್ ಎಲ್ಲಿಗೆ ಹಾಕವ್ರೆ ನೋಡೋಣ ಅಂತ ಒತ್ತಿದೆ," ಎಂದರು.

ಮಾರನೆಯ ದಿನದಿಂದ ಶುರುವಾಯಿತು ನೋಡಿ ನಮ್ಮ ಜನದ ಕಾರುಬಾರು. ಒತ್ತಿದ್ದು ನಾವು. ಓದದೇ ಇದ್ದದ್ದು ನಾವು. ಬೈಸಿಕೊಂಡವರು ಮಾತ್ರ ಲಿಯಾಖತ್ ಭಾಯ್. ಬಸ್ ಸ್ಟಾಪಿನ ಉಪಾಯ ಹೇಳಿಕೊಟ್ಟವರೂ ಅವರೇ ಎಂಬ ಸುದ್ದಿ ಹೇಗೋ ಹೊರಬಿತ್ತು. ಮುಳಬಾಗಿಲಿನ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಊಟದ ಹೊತ್ತಿಗೆ ಅವರು ಬಂದು ಕುಳಿತರೆ ಉಳಿದವರಿಗೆ ಬೇಗ ಹೊಟ್ಟೆ ತುಂಬುತ್ತಿತ್ತು. ಇದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವನು ನಾನು. "ಒಂಬತ್ತು ವರ್ಷ ನಂಬಿದ್ದಕ್ಕೆ ಚೆನ್ನಾಗಿ ಮಾಡಿದ್ರಿ ಭಾಯ್," ಎಂದು ಎದುರಿಗೇ ಹೇಳಿದೆ. ಸೀಲು ಹಾಕಿದ ಆರ್ಡರು ಅವರ ಡ್ರಾಯರಿನಲ್ಲೇ ಇತ್ತು, ತೆಗೆದು ನನ್ನ ಮುಖಕ್ಕೆ ಹಿಡಿಯಬಹುದಿತ್ತು. ಹಿಡಿಯಲಿಲ್ಲ.

ಅದಕ್ಕಿಂತ ಅವರನ್ನು ಹೆಚ್ಚು ತಿಂದದ್ದು ಆ ಫೋನು. 214 ಒಮ್ಮೆಲೇ ಮೌನವಾಯಿತು. ಒಂದು ದಿನ, ಎರಡು ದಿನ, ಒಂದು ವಾರ. ಯಾರೂ ಯಾವುದನ್ನೂ ಕೇಳಲಿಲ್ಲ. ಭಾಯ್ ಗಳಿಗೆಗೊಮ್ಮೆ ರಿಸೀವರ್ ಎತ್ತಿ ಕಿವಿಗೆ ಹಿಡಿದು, ಲೈನ್ ಇದೆಯೇ ನೋಡಿ, ಮೆಲ್ಲಗೆ ಇಡುತ್ತಿದ್ದರಂತೆ. ಮನೆಯಲ್ಲಿ ಅಸ್ಗರಿಯವರು ರೇಗಿಸುವುದನ್ನು ಬಿಟ್ಟರು. ರೇಗಿಸಿದರೆ ನಗುತ್ತಿದ್ದ ಗಂಡ ಊಟ ಬಿಟ್ಟು ಏಳುತ್ತಿದ್ದ ಎಂದು ಆಮೇಲೆ ಹೇಳಿದರು.

ಇಷ್ಟರ ಮಧ್ಯೆ ಒಂದು ವಿಚಿತ್ರ ನಡೆದಿತ್ತು. ನಾವೆಲ್ಲ ಮೇಲ್ ಓದಲು ಶುರುಮಾಡಿದ್ದೆವು. ಭಾಯ್ ಮೇಲೆ ಸಿಟ್ಟಿಗೇ ಓದುತ್ತಿದ್ದೆವು ಎಂದಿಟ್ಟುಕೊಳ್ಳಿ. ಮೇಲಿನಿಂದ ಕೆಳಗಿನವರೆಗೆ, ಕಳಿಸಿದವರ ವಿಳಾಸ ಅಕ್ಷರ ಅಕ್ಷರ ಬಿಡಿಸಿ, ಕೆಲವರು ಪಕ್ಕದವರನ್ನು ಕರೆದು ಓದಿಸಿ. ಎಲ್ಲದರ ಮೇಲೂ ಅನುಮಾನ. ಸಂಕ್ರಾಂತಿಗೆ ನಮ್ಮ ಎಂ.ಡಿ.ಯವರು ಎಲ್ಲರಿಗೂ ಶುಭಾಶಯದ ಮೇಲ್ ಕಳಿಸಿದರು. ಎಂ.ಡಿ. ಇಷ್ಟು ವರ್ಷ ಇಲ್ಲದ ಶುಭಾಶಯ ಈಗ ಯಾಕೆ ಹೇಳುತ್ತಾರೆ ಎಂದು ಯೋಚಿಸಿ ಐವತ್ತೆರಡು ಜನ ಅದನ್ನು ಕಳ್ಳ ಮೇಲ್ ಎಂದು ದೂರು ಕೊಟ್ಟೆವು.

ಸಂಕ್ರಾಂತಿ ಕಳೆದ ವಾರದ ಒಂದು ಬೆಳಗ್ಗೆ. ಫಿಲ್ಟರ್ ತಡೆದ ಮೇಲ್‌ಗಳ ಪಟ್ಟಿ ದಿನಾ ಒಂಬತ್ತೂ ಹತ್ತಕ್ಕೆ ಭಾಯ್ ಮೇಲ್‌ಗೆ ಬರುತ್ತದೆ, ಅವರು ಅದರಲ್ಲಿ ಒತ್ತಿ ಒಳಗೆ ಹೋಗಿ ನೋಡುತ್ತಾರೆ. ಅವತ್ತು ಒಂಬತ್ತಕ್ಕೇ ಬಂತು. ಏಳು ಮೇಲ್ ತಡೆಯಲಾಗಿದೆ, ನೋಡಲು ಇಲ್ಲಿ ಒತ್ತಿ ಎಂದಿತ್ತು. ಭಾಯ್ ಬಲಗೈಯಲ್ಲಿ ಟೀ ಹಿಡಿದು ಎಡಗೈಯಲ್ಲಿ ಒತ್ತಿದರು. ಪಾಸ್‌ವರ್ಡ್ ಕೇಳಿತು, ಹಾಕಿದರು. ಇನ್ನೊಮ್ಮೆ ಕೇಳಿತು. ಇದ್ಯಾಕೆ ಎಂದುಕೊಳ್ಳುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಮೂರು ವಾರದ ಮೇಲೆ ಹೊಡೆದುಕೊಂಡ ಫೋನು. ಟೀ ಚೆಲ್ಲಿದರೂ ಲೆಕ್ಕಿಸದೆ ಎತ್ತಿದರು.

"ಅಣ್ಣಾ, ನಾನು ಬೈರಮ್ಮ. ತಡೆದ ಮೇಲ್ ಪಟ್ಟಿ ಅಂತ ಒಂದು ಬಂದಿದೆ ನೋಡಿ, ಅದನ್ನ ಒತ್ಬೇಡಿ."

"ಯಾಕಮ್ಮ?"

"ಅದು ನಿಮಗೊಬ್ರಿಗೇ ಬರೋದಲ್ವಾ? ನನಗ್ಯಾಕೆ ಬಂತು? ನಮ್ ಸೆಕ್ಷನ್ನಲ್ಲಿ ಎಲ್ರಿಗೂ ಬಂದಿದೆ. ಪರೀಕ್ಷೆದಾ ಇದು?"

ಪರೀಕ್ಷೆಯದಲ್ಲ. ಶಿವಾನಿಯ ಕೆಲಸ ಮುಗಿದ ದಿನವೇ ಭಾಯ್ ಆ ವಿಳಾಸ ಅಳಿಸಿ, ಸುಮ್ಮನಿರಿಸಿದ್ದ ಕಾವಲನ್ನು ಮತ್ತೆ ನಿಲ್ಲಿಸಿದ್ದರು. ಇದು ಅಪ್ಪಟ ಕಳ್ಳರು ಕಳಿಸಿದ್ದು. ಒಂಬತ್ತು ವರ್ಷದಲ್ಲಿ ಮೊದಲನೆಯ ಸಲ ಅವರನ್ನು ದಾಟಿ ಬಂದಿತ್ತು, ದಾಟಿದ್ದಲ್ಲದೆ ಅವರ ಮುಂದೆಯೇ ಬಂದು ಕುಳಿತಿತ್ತು.

"ಒತ್ಬಿಟ್ಟೆ ಕಣಮ್ಮ," ಎಂದರು ಭಾಯ್.

"ಪಾಸ್‌ವರ್ಡು?"

"ಅದೂ ಹಾಕ್ದೆ."

ಬೈರಮ್ಮ ಅಯ್ಯೋ ಎನ್ನಲಿಲ್ಲ. "ಹಾಗಾದ್ರೆ ನನ್ ಜೊತೆ ಮಾತಾಡ್ತಾ ಕೂರ್ಬೇಡಿ ಅಣ್ಣಾ. ಮೊದ್ಲು ಪಾಸ್‌ವರ್ಡು ಬದಲಾಯ್ಸಿ. ಫೋನ್ ಇಡಿ," ಎಂದಳು. ಅವರು ಇಟ್ಟು, ಪಾಸ್‌ವರ್ಡು ಬದಲಾಯಿಸಿ, ಶಿವಾನಿಗೆ ಫೋನ್ ಮಾಡಿದರು. ಅವಳು ಬೆಂಗಳೂರಿನಿಂದಲೇ ಒಂದೊಂದು ಹೆಜ್ಜೆ ಹೇಳಿಕೊಟ್ಟು ಎಲ್ಲ ತಪಾಸಣೆ ಮಾಡಿಸಿದಳು. ಯಾರೂ ಒಳಗೆ ಬಂದಿರಲಿಲ್ಲ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಇಡೀ ಕಂಪನಿಯ ಬೀಗದ ಕೈ ಕಳ್ಳರಿಗೆ ಸಿಗುತ್ತಿತ್ತು ಎಂದಳಂತೆ. ಮಧ್ಯಾಹ್ನದೊಳಗೆ ಇನ್ನೂ ಮೂವತ್ತೆಂಟು ಜನ ಆ ಮೇಲ್ ಬಗ್ಗೆ ದೂರು ಕೊಟ್ಟರು. ಒಬ್ಬರೂ ಒತ್ತಿರಲಿಲ್ಲ. ನಾನೂ ದೂರು ಕೊಟ್ಟೆ, ಸ್ವಲ್ಪ ಕೊಬ್ಬಿನಿಂದಲೇ ಬರೆದೆ.

ಭಾಯ್ ಒತ್ತಿದ್ದು ಗೊತ್ತಿದ್ದದ್ದು ಬೈರಮ್ಮನಿಗೆ ಮತ್ತು ಶಿವಾನಿಗೆ. ಶಿವಾನಿ ಹೊರಗಿನವಳು. ಬೈರಮ್ಮ ಊಟಕ್ಕೆ ಮುಂಚೆ ಅವರ ಮೇಜಿನ ಹತ್ತಿರ ಬಂದು, "ನಾನು ಯಾರ ಹತ್ರಾನೂ ಹೇಳಲ್ಲ ಅಣ್ಣಾ," ಎಂದಳಂತೆ. ಅವಳು ಹೇಳುತ್ತಿರಲಿಲ್ಲ, ಅಂಥ ಹುಡುಗಿ. ಭಾಯ್ ಸುಮ್ಮನಿದ್ದಿದ್ದರೆ ಅವರ ಒಂಬತ್ತು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು. ಪರೀಕ್ಷೆಯ ಸಿಟ್ಟೂ ಹೇಗೂ ಇಳಿಯುತ್ತಿತ್ತು. ಇನ್ನು ಒಂದು ತಿಂಗಳಿಗೆ ನಾವೇ ಬಾಲ ಮುದುರಿಕೊಂಡು 214ಕ್ಕೆ ಫೋನ್ ಮಾಡುತ್ತಿದ್ದೆವು.

ಒಂದು ಗಂಟೆಗೆ ಕ್ಯಾಂಟೀನು ತುಂಬಿತ್ತು. ಅವತ್ತು ಮುದ್ದೆ, ಹುರುಳಿ ಸಾರು. ಭಾಯ್ ತಟ್ಟೆ ಹಿಡಿದುಕೊಂಡು ಬಂದು ಕುಳಿತುಕೊಳ್ಳಲಿಲ್ಲ, ನಡುವೆ ನಿಂತರು. ಅವರು ನಿಂತದ್ದನ್ನು ನೋಡಿ ಮಾತು ತಾನಾಗಿ ನಿಂತಿತು.

"ಬೆಳಿಗ್ಗೆ ಒಂದು ಕಳ್ಳ ಮೇಲ್ ಬಂತಲ್ಲ, ಅದು ಪರೀಕ್ಷೆ ಅಲ್ಲ, ನಿಜವಾದದ್ದು," ಎಂದರು. "ನನ್ನ ದಾಟ್ಕೊಂಡು ಬಂತು. ನಲವತ್ತಾರು ಜನಕ್ಕೆ ಬಂತು. ನಲವತ್ತೈದು ಜನ ಒತ್ಲಿಲ್ಲ. ಒಬ್ಬ ಒತ್ತಿದ." ತಟ್ಟೆಯನ್ನು ಒಂದೇ ಕೈಗೆ ತೆಗೆದುಕೊಂಡು ಎದೆ ಮುಟ್ಟಿಕೊಂಡರು. "ನಾನೇ."

ಭಾಯ್ ಕೈಯಲ್ಲಿದ್ದ ತಟ್ಟೆ ಓರೆಯಾಗಿ ಸಾರು ಅಂಚಿಗೆ ಬಂದಿತ್ತು. ಮೂಲೆಯಿಂದ ಭೀಮರಾಜ ಕೇಳಿದ, "ಪಾಸ್‌ವರ್ಡ್ ಕೂಡಾನಾ ಭಾಯ್?"

"ಕನ್ನಡಕ ಹಾಕ್ಕೊಂಡು, ಒಂದಕ್ಷರಾನೂ ತಪ್ಪದಂಗೆ ಹಾಕ್ದೆ."

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಇಡೀ ಕ್ಯಾಂಟೀನು ನಕ್ಕಿತು. ಬಡಿಸುವವರು ಸೌಟು ಹಿಡಿದುಕೊಂಡು ನಕ್ಕರು, ರಾಮಚಂದ್ರಪ್ಪನವರಿಗೆ ಕೆಮ್ಮು ಬಂತು. ಭಾಯ್ ಸ್ವಲ್ಪ ಹೊತ್ತು ಗಾಬರಿಯಿಂದ ನೋಡಿ, ಆಮೇಲೆ ತಾವೂ ನಕ್ಕರು. ನನಗೆ ಮಾತ್ರ ನಗು ಅರ್ಧಕ್ಕೇ ನಿಂತುಹೋಯಿತು. ನೂರ ಒಂಬತ್ತು ಜನ ಒತ್ತಿದ್ದೆವು, ಒಬ್ಬನಾದರೂ ಹೀಗೆ ಎದ್ದು ನಿಂತು ನಾನೇ ಎಂದಿರಲಿಲ್ಲ. ನಾನು ನನ್ನ ತಟ್ಟೆ ಪಕ್ಕಕ್ಕೆ ಸರಿಸಿ ಬೆಂಚಿನಲ್ಲಿ ಜಾಗ ಮಾಡಿದೆ. ಅವರು ಬಂದು ಕುಳಿತರು.

ಮುದ್ದೆ ಮುರಿಯುತ್ತ ಕೂತರು.

"ಭಾಯ್," ಎಂದೆ. "ಅವತ್ತು ನೀವು ಓದು, ನಿಧಾನಕ್ಕೆ ಓದು ಅಂತ ಅಷ್ಟು ಹೇಳಿದ್ರಿ. ನಾನೇ ಓದ್ಲಿಲ್ಲ. ನಿಮ್ಮನ್ನ ಸುಮ್ಮನೆ ಬೈದ್ಕೊಂಡು ತಿರುಗಿದೆ."

ಭಾಯ್ ಬಾಯಲ್ಲಿದ್ದದ್ದನ್ನು ನುಂಗಿ, ನನ್ನ ಕಡೆ ನೋಡದೆಯೇ ಹೇಳಿದರು.

"ನಾನೂ ಓದ್ಲಿಲ್ಲ ಕಣೋ."